ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ನೋಡಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಣಿಯೊಳಗೆ ಇಳಿದು ನೋಡಬಹುದಾ?

ಇಲ್ಲ. ಎಲ್ಲರೂ ಮೊದಲು ಕೇಳುವುದು ಇದನ್ನೇ, ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಿಗೆ ನೀರು ನುಗ್ಗಿ ತುಂಬಿಕೊಂಡಿದೆ. ನೀರಿಲ್ಲದ ಮೇಲಿನ ಭಾಗಗಳಲ್ಲಿ ಗಾಳಿ ಆಡುವುದಿಲ್ಲ. ಅಂಥ ಕಡೆ ಉಸಿರು ಕಟ್ಟುವ ಸೂಚನೆಯೂ ಸಿಗದೆ ಮನುಷ್ಯ ಕುಸಿದು ಬೀಳುತ್ತಾನೆ, ಎತ್ತಲು ಇಳಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಹಳೆ ಕಬ್ಬಿಣಕ್ಕೋ ಚಿನ್ನದ ಆಸೆಗೋ ಕದ್ದು ಇಳಿದವರು ಹೀಗೇ ಜೀವ ಕಳೆದುಕೊಂಡಿದ್ದಾರೆ. ‘ನಾನು ಒಳಗೆ ಕರ್ಕೊಂಡು ಹೋಗ್ತೀನಿ ಸಾರ್’ ಎಂದು ಯಾರಾದರೂ ಹತ್ತಿರ ಬಂದರೆ ಕೈಮುಗಿದು ಮುಂದೆ ಹೋಗಿ.

ಗಣಿ ಪ್ರದೇಶ ಇವತ್ತಿಗೂ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ಡಿನದು (ಊರಲ್ಲಿ ಎಲ್ಲರೂ ಬಿಜಿಎಂಎಲ್ ಎನ್ನುತ್ತಾರೆ). ಶಾಫ್ಟುಗಳ (ಗಣಿಗೆ ಇಳಿಯುವ ಬಾವಿಗಳ) ಆವರಣಕ್ಕೆ ಬೇಲಿ ಇದ್ದರೂ ಇಲ್ಲದಿದ್ದರೂ ಒಳಗೆ ಹೋಗಲು ಅನುಮತಿ ಬೇಕು. ಅಧ್ಯಯನಕ್ಕೋ ಚಿತ್ರೀಕರಣಕ್ಕೋ ಬರುವವರು ಊರಿಗಾಂನಲ್ಲಿರುವ ಸುವರ್ಣ ಭವನದ ಕಚೇರಿಗೆ ಮುಂಚೆಯೇ ಲಿಖಿತವಾಗಿ ಕೇಳಿಕೊಳ್ಳಬೇಕು. ಬಂದ ದಿನ ಗೇಟಿನ ಬಳಿ ನಿಂತು ಕೇಳಿದರೆ ಕೆಲಸ ಆಗುವುದಿಲ್ಲ.

ಒಳಗೆ ಬಿಡುವುದಿಲ್ಲ ಎಂದರೆ ನೋಡಲು ಏನಿದೆ?

ಊರೇ ಇದೆ. ಕೆಜಿಎಫ್ ಮ್ಯೂಸಿಯಂ ಅಲ್ಲ. ಟಿಕೆಟ್ ಕೌಂಟರ್, ಆಡಿಯೊ ಗೈಡ್, ಬಾಣದ ಗುರುತು ಯಾವುದೂ ಇಲ್ಲ. ನೆಲದೊಳಗಿನ ಒಂದು ಕಲ್ಲಿನ ನರದ ಮೇಲೆ ಕಟ್ಟಿದ, ಜನ ಈಗಲೂ ಬಾಳುತ್ತಿರುವ ಊರು ಅದು. ಆ ನರದ ಜಾಡು ಹಿಡಿದು ಹೋದರೆ ಎಲ್ಲವೂ ಅರ್ಥವಾಗುತ್ತ ಹೋಗುತ್ತದೆ. ಜಾಡು ಬಿಟ್ಟು ತಿರುಗಿದರೆ ಮುರಿದ ಕಟ್ಟಡ, ಬೂದಿ ಬಣ್ಣದ ಗುಡ್ಡ ಬಿಟ್ಟು ಬೇರೇನೂ ಕಾಣುವುದಿಲ್ಲ.

ಚಿನ್ನ ಇದ್ದದ್ದು ಚಾಂಪಿಯನ್ ಲೋಡ್ ಎಂಬ ಬೆಣಚುಕಲ್ಲಿನ ಪದರದಲ್ಲಿ. ಅದು ಉತ್ತರದಿಂದ ದಕ್ಷಿಣಕ್ಕೆ ಆರೇಳು ಕಿಲೊಮೀಟರ್ ಉದ್ದಕ್ಕೆ ಮಲಗಿದೆ. ಗಣಿಗಳೂ ಅದೇ ಸಾಲಿನಲ್ಲಿ: ಬಾಲಾಘಾಟ್, ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಕೊನೆಗೆ ಮೈಸೂರು ಮೈನ್. ಬಂಗಾರಪೇಟೆಯಿಂದ ಬರುವ ರೈಲು ಹಳಿಯೂ ಈ ಸಾಲನ್ನೇ ಹಿಡಿದು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಊರು ಇಷ್ಟು ಉದ್ದಕ್ಕೆ, ಇಷ್ಟು ಸಪೂರಕ್ಕೆ ಯಾಕೆ ಬೆಳೆಯಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ದಾರಿಯಲ್ಲಿ ಮೂರು ಬಗೆಯ ಕಟ್ಟಡಗಳನ್ನು ಗಮನಿಸಿ. ಮೊದಲನೆಯದು ಶಾಫ್ಟಿನ ಬಾಯಿ ಮೇಲೆ ನಿಂತ ಕಬ್ಬಿಣದ ಗೋಪುರ, ಹೆಡ್‌ಗೇರ್. ಅದರ ತುದಿಯ ದೊಡ್ಡ ಚಕ್ರಗಳನ್ನು ನೋಡಿ. ಸ್ವಲ್ಪ ದೂರದ ಎಂಜಿನ್ ಮನೆಯಿಂದ ಬರುವ ಉಕ್ಕಿನ ಹಗ್ಗ ಆ ಚಕ್ರದ ಮೇಲೆ ಹಾದು ನೆಟ್ಟಗೆ ಕೆಳಗಿಳಿಯುತ್ತಿತ್ತು. ಬಾವಿಯ ರಾಟೆ ಎಂದುಕೊಳ್ಳಿ. ಕೊಡದ ಜಾಗದಲ್ಲಿ ಜನ, ಇಲ್ಲವೇ ಅದಿರು. ಗೋಪುರ ಕಳಚಿಹೋದ ಕಡೆಗಳಲ್ಲಿ ಎಂಜಿನ್ ಮನೆ ಒಂಟಿಯಾಗಿ ನಿಂತಿರುತ್ತದೆ. ಹಗ್ಗ ಹಾಯುತ್ತಿದ್ದ ಗೋಡೆಯ ಕಿಂಡಿ ಯಾವ ಕಡೆಗಿದೆ ಎಂದು ನೋಡಿದರೆ ಶಾಫ್ಟ್ ಎಲ್ಲಿತ್ತು ಎಂದು ರಸ್ತೆಯಲ್ಲೇ ನಿಂತು ಹೇಳಬಹುದು.

ಎರಡನೆಯದು ಬಂಗಲೆಗಳು. ಅಗಲ ಜಗಲಿ, ಎತ್ತರದ ಮಾಡು, ದೊಡ್ಡ ಕಾಂಪೌಂಡು. ಇಂಗ್ಲಿಷ್ ಅಧಿಕಾರಿಗಳು ಊರನ್ನು ‘ಪುಟ್ಟ ಇಂಗ್ಲೆಂಡ್’ ಎನ್ನುತ್ತಿದ್ದದ್ದು ಈ ಭಾಗಕ್ಕೆ ಮಾತ್ರ ಹೊಂದುತ್ತದೆ. 1885ರಲ್ಲಿ ಶುರುವಾದ ಕೆಜಿಎಫ್ ಕ್ಲಬ್ಬೂ ಇದೇ ಪ್ರಪಂಚದ್ದು. ಒಳಗೆ ಹೋಗಲು ಸದಸ್ಯರ ಪರಿಚಯ ಬೇಕು.

ಮೂರನೆಯದು ಕಾರ್ಮಿಕರ ‘ಲೈನು’ಗಳು, ಅಂದರೆ ಗೋಡೆಗೆ ಗೋಡೆ ಅಂಟಿಸಿಕೊಂಡ ಸಾಲುಮನೆಗಳು. ಮೊದಲಿಗೆ ಇವು ಬಿದಿರಿನ ತಟ್ಟಿ ಕಟ್ಟಿದ ಒಂದೇ ಕೋಣೆಯ ಗುಡಿಸಲುಗಳು, ತಗಡು ಇಟ್ಟಿಗೆಗಳು ಬಂದದ್ದು ಆಮೇಲೆ. ಬಂಗಲೆ ನೋಡಿ ‘ಎಷ್ಟು ಚೆಂದ’ ಎಂದವರು ಲೈನಿನ ಬೀದಿಯಲ್ಲೂ ಒಮ್ಮೆ ನಡೆದು ಬರಲಿ. ಒಂದೇ ಗಣಿ ಸಾಕಿದ ಎರಡು ಬದುಕುಗಳ ನಡುವಿನ ದೂರ ಹತ್ತು ನಿಮಿಷದ ನಡಿಗೆ.

ಬೆಂಗಳೂರಿನಿಂದ ಹೋಗುವುದು ಹೇಗೆ?

ರೈಲಿನಲ್ಲಿ ಹೋಗಿ. ದೂರ ಸುಮಾರು 100 ಕಿ.ಮೀ., ಎರಡರಿಂದ ಎರಡೂವರೆ ಗಂಟೆ, ಸಾಮಾನ್ಯ ಟಿಕೆಟ್ಟು ಐವತ್ತು ರೂಪಾಯಿಯೊಳಗೆ. ಮಾರಿಕುಪ್ಪಂವರೆಗೆ ನೇರವಾಗಿ ಹೋಗುವ ಗಾಡಿ ಹಿಡಿಯಬೇಕು. ಕೆ.ಆರ್. ಪುರ, ವೈಟ್‌ಫೀಲ್ಡ್, ಮಾಲೂರಿನಲ್ಲೂ ಹತ್ತಬಹುದು. ಜೋಲಾರ್‌ಪೇಟೆ ಕಡೆಯ ಗಾಡಿ ಹತ್ತಿದವರು ಬಂಗಾರಪೇಟೆಯಲ್ಲಿ ಇಳಿದು ಬದಲಾಯಿಸಬೇಕು. ಮರೆತು ಕೂತವರು ಕುಪ್ಪಂ ಸೇರುತ್ತಾರೆ.

ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಹಾಗಾಗಿ ಬೆಳಿಗ್ಗೆ ಬೆಂಗಳೂರಿನ ಕಡೆಗೆ, ಸಂಜೆ ಕೆಜಿಎಫ್ ಕಡೆಗೆ ಹೋಗುವ ಗಾಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮ ದಾರಿ ಇದಕ್ಕೆ ಉಲ್ಟಾ ಆದ್ದರಿಂದ ಬಹುತೇಕ ಸೀಟು ಸಿಗುತ್ತದೆ. ಮಧ್ಯಾಹ್ನ ಗಾಡಿಗಳು ವಿರಳ. ಮರಳುವ ಗಾಡಿಯ ಹೊತ್ತನ್ನು ಹೊರಡುವ ಮೊದಲೇ ನೋಡಿ ಬರೆದಿಟ್ಟುಕೊಳ್ಳಿ, ಭಾನುವಾರದ ವೇಳಾಪಟ್ಟಿಯನ್ನು ಬೇರೆಯಾಗಿ ನೋಡಿ.

ಕಾರಿನಲ್ಲಾದರೆ ಹೊಸಕೋಟೆ, ಕೋಲಾರ, ಬಂಗಾರಪೇಟೆ ಮೂಲಕ ಹಳೆ ಮದ್ರಾಸ್ ರಸ್ತೆ. ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಕೂಡ ಇದೆ, ಆದರೆ ಬೈಕಿನವರು ಹಳೆ ಹೆದ್ದಾರಿಯನ್ನೇ ಹಿಡಿಯಬೇಕು. ಸರ್ಕಾರಿ ಬಸ್ಸುಗಳೂ ಉಂಟು, ಅವು ಊರಿನ ಪೇಟೆ ಭಾಗವಾದ ರಾಬರ್ಟ್‌ಸನ್‌ಪೇಟೆಗೆ ಬಿಡುತ್ತವೆ. ಅಂದಹಾಗೆ ‘ಕೆಜಿಎಫ್’ ಎಂಬ ಹೆಸರಿನ ರೈಲು ನಿಲ್ದಾಣ ಇಲ್ಲ. ಟಿಕೆಟ್ ಕೇಳುವಾಗ ಮಾರಿಕುಪ್ಪಂ ಎನ್ನಿ.

ಒಂದು ದಿನ ಸಾಕಾ?

ಸಾಕು, ಬೆಳಿಗ್ಗೆ ಹತ್ತರೊಳಗೆ ಊರಲ್ಲಿದ್ದರೆ. ಮಾರಿಕುಪ್ಪಂನಲ್ಲಿ ಇಳಿದು ಉತ್ತರಕ್ಕೆ ಬನ್ನಿ. ಮೈಸೂರು ಮೈನ್ ಸುತ್ತಮುತ್ತ ಒಂದು ಗಂಟೆ, ಚಾಂಪಿಯನ್ ರೀಫ್‌ಗೆ ಎರಡು ಗಂಟೆ. ಮಧ್ಯಾಹ್ನದ ಊಟಕ್ಕೆ ರಾಬರ್ಟ್‌ಸನ್‌ಪೇಟೆ. ಬಿಸಿಲು ಇಳಿದ ಮೇಲೆ ಊರಿಗಾಂ ಕಡೆಯ ಬಂಗಲೆಗಳು, ಅಲ್ಲಿಂದಲೇ ರೈಲು. ಪೂರ್ತಿ ನಡೆಯುವ ಹಟ ಬೇಡ, ನೆರಳು ಕಡಿಮೆ. ಒಂದು ಆಟೋವನ್ನು ಅರ್ಧ ದಿನಕ್ಕೆ ಮಾತಾಡಿಕೊಳ್ಳಿ. ಎಲ್ಲೆಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಹೊರಡುವ ಮೊದಲೇ ತೀರ್ಮಾನ ಆಗಲಿ. ಆಟೋ ಓಡಿಸುವವರಲ್ಲಿ ಅಪ್ಪನೋ ಅಜ್ಜನೋ ಗಣಿಯಲ್ಲಿ ದುಡಿದವರು ಬಹಳ ಮಂದಿ. ಯಾವ ಶಾಫ್ಟ್ ಯಾವುದು ಎಂದು ತಿಳಿಯಲು ಮೊಬೈಲ್ ನಕ್ಷೆಗಿಂತ ಅವರೇ ವಾಸಿ.

ನವೆಂಬರಿನಿಂದ ಫೆಬ್ರವರಿವರೆಗೆ ಹಿತವಾದ ಕಾಲ. ಡಿಸೆಂಬರ್ ಕೊನೆಯಲ್ಲಿ ಹೋದರೆ ಕ್ರಿಸ್‌ಮಸ್‌ಗೆ ಸಿಂಗರಿಸಿಕೊಂಡ ಊರು ನೋಡಲು ಸಿಗುತ್ತದೆ. ಏಪ್ರಿಲ್, ಮೇ ಬೇಡ. ಜೂನ್, ಜುಲೈನಲ್ಲಿ ಬೀಸುಗಾಳಿಗೆ ಗುಡ್ಡದ ದೂಳು ಎದ್ದು ಊರಿನ ಮೇಲೆ ಸುರಿಯುತ್ತದೆ.

ಸೈನೈಡ್ ಗುಡ್ಡ ಹತ್ತಬಹುದಾ? ವಿಷ ಇದೆಯಾ?

ದೂರದಿಂದ ನೋಡಿ, ಹತ್ತಬೇಡಿ. ಯಾಕೆ ಎಂದು ತಿಳಿಯಬೇಕಾದರೆ ಅದು ಹುಟ್ಟಿದ ಬಗೆ ಗೊತ್ತಿರಬೇಕು.

ಕೆಳಗಿನಿಂದ ಬಂದ ಕಲ್ಲನ್ನು ಸ್ಟಾಂಪ್ ಮಿಲ್ಲಿನಲ್ಲಿ, ಅಂದರೆ ಒನಕೆಗಳ ಸಾಲಿನಂಥ ಯಂತ್ರದಲ್ಲಿ, ನೀರು ಬಿಡುತ್ತ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಆ ರಾಡಿ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುವಾಗ ದಪ್ಪ ಕಣದ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಕಣ್ಣಿಗೆ ಕಾಣದ ಸಣ್ಣ ಚಿನ್ನ ಮರಳಿನಲ್ಲೇ ಉಳಿಯುತ್ತಿತ್ತು. ಅದನ್ನು ದೊಡ್ಡ ತೊಟ್ಟಿಗಳಲ್ಲಿ ತೆಳುವಾದ ಸೈನೈಡ್ ದ್ರಾವಣದಲ್ಲಿ ನೆನೆಸಿಟ್ಟರೆ ಚಿನ್ನ ಕರಗುತ್ತದೆ. ಆ ದ್ರಾವಣವನ್ನು ಸತುವಿನ ಚೂರುಗಳ ಮೇಲೆ ಹಾಯಿಸಿದರೆ ಚಿನ್ನ ಮತ್ತೆ ಘನವಾಗಿ ಕೂರುತ್ತದೆ. ಉಳಿದ ಮರಳನ್ನು ಹೊರಗೆ ಸುರಿದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಸುರಿದದ್ದು ಈಗ 13 ದಿಬ್ಬಗಳಾಗಿ, ಸುಮಾರು 3.3 ಕೋಟಿ ಟನ್ನಿನಷ್ಟು ನಿಂತಿದೆ.

ಬಿಸಿಲು, ಗಾಳಿ ತಾಗಿದ ಸೈನೈಡ್ ಕಾಲಕ್ರಮೇಣ ಒಡೆದುಹೋಗುತ್ತದೆ. ಗುಡ್ಡ ಮುಟ್ಟಿದವರು ಅಲ್ಲೇ ಸಾಯುತ್ತಾರೆ ಎಂಬುದು ಕಟ್ಟುಕಥೆ. ಹಾಗೆಂದು ಅದು ಹೊಳೆದಂಡೆಯ ಮರಳೂ ಅಲ್ಲ. ಹಿಟ್ಟಿನಷ್ಟು ನುಣ್ಣಗಿನ ಬೆಣಚುಕಲ್ಲಿನ ಪುಡಿ ಅದು. ಉಸಿರಿನೊಂದಿಗೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಗಣಿ ಕಾರ್ಮಿಕರ ಶ್ವಾಸಕೋಶ ತಿಂದ ಸಿಲಿಕೋಸಿಸ್‌ಗೆ ಕಾರಣ ಇಂಥ ದೂಳೇ. ಅದಿರಿನಲ್ಲಿದ್ದ ಲೋಹದ ಅಂಶಗಳೂ ಈ ಮರಳಿನಲ್ಲೇ ಇವೆ. ಅದಕ್ಕೇ ಮಕ್ಕಳನ್ನು ಅಲ್ಲಿ ಜಾರುಬಂಡೆ ಆಡಲು ಬಿಡಬೇಡಿ, ಅಲ್ಲಿ ನಿಂತ ನೀರು ಮುಟ್ಟಬೇಡಿ, ಗಾಳಿ ಇದ್ದರೆ ಮಾಸ್ಕ್ ಹಾಕಿ.

ಇನ್ನೊಂದು ಅಪಾಯ ಕೊರಕಲುಗಳದು. ಮಳೆನೀರು ಗುಡ್ಡವನ್ನು ಒಳಗಿಂದ ಕೊರೆದಿರುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಹೊದಿಕೆ, ಕೆಳಗೆ ಟೊಳ್ಳು. ಅಂಚಿಗೆ ಹೋಗಿ ಸೆಲ್ಫಿ ತೆಗೆಯುವವರ ಕಾಲಡಿ ಕುಸಿಯುವುದು ಅಲ್ಲೇ. ಮಳೆ ಬಂದ ಮರುದಿನ ಬುಡದ ಕೆಸರಿನಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ‘ಕೆಜಿಎಫ್’ ಸಿನಿಮಾದಲ್ಲಿ ಕಂಡ ಜಾಗ ಹುಡುಕಿ ಬರುವವರು ಹೆಚ್ಚಾಗಿ ಈ ಗುಡ್ಡಕ್ಕೇ ಬರುತ್ತಾರೆ. ತೆರೆಯ ಮೇಲಿನ ಕೋಟೆ, ಸೈನ್ಯಗಳಿಗೂ ಈ ಊರಿನ ಇತಿಹಾಸಕ್ಕೂ ಸಂಬಂಧ ಹುಡುಕುವ ಶ್ರಮ ಬೇಡ.

ಮಣ್ಣು ಜಾಲಿಸಿದರೆ ಇನ್ನೂ ಚಿನ್ನ ಸಿಗುತ್ತಾ?

ಲೆಕ್ಕ ಹಾಕಿ ನೋಡಿ. ಸುಮಾರು 120 ವರ್ಷಗಳಲ್ಲಿ ಇಲ್ಲಿ ತೆಗೆದ ಅದಿರು 5 ಕೋಟಿ ಟನ್ನಿಗೂ ಮೇಲೆ, ಸಿಕ್ಕ ಚಿನ್ನ 800 ಟನ್ನಿನ ಆಸುಪಾಸು. ಅಂದರೆ ಸರಾಸರಿ ಒಂದು ಟನ್ ಕಲ್ಲಿಗೆ ಎರಡು ಪವನಿನಷ್ಟು, ಸುಮಾರು 16 ಗ್ರಾಂ. ಅದೂ ಒಳ್ಳೆಯ ದಿನಗಳನ್ನೆಲ್ಲ ಸೇರಿಸಿ. ಕೊನೆಕೊನೆಗೆ ಟನ್ನಿಗೆ ಮೂರು ನಾಲ್ಕು ಗ್ರಾಮಿಗೆ ಇಳಿದಿತ್ತು. ಗಣಿ ಮುಚ್ಚಿದ್ದಕ್ಕೆ ಚಿನ್ನ ಖಾಲಿಯಾದದ್ದಲ್ಲ, ತೆಗೆಯುವ ಖರ್ಚು ಸಿಗುವ ಬೆಲೆಯನ್ನು ಮೀರಿದ್ದು ಕಾರಣ. ಸೈನೈಡ್ ಗುಡ್ಡದ ಮರಳಿನಲ್ಲಂತೂ ಟನ್ನಿಗೆ ಒಂದು ಗ್ರಾಂ ಕೂಡ ಇಲ್ಲ. ಒಂದು ಟನ್ ಮರಳನ್ನು ರಾಸಾಯನಿಕದಲ್ಲಿ ಸೋಸಿದರೆ ಒಂದು ಪುಟ್ಟ ಮೂಗುಬೊಟ್ಟಿಗಾಗುವಷ್ಟು. ಬಾಣಲೆ ಹಿಡಿದು ಬಂದವರಿಗೆ ಬೆವರು ಸಿಗುತ್ತದೆ, ಜೊತೆಗೆ ಪೊಲೀಸ್ ಕೇಸೂ ಸಿಗಬಹುದು.

ಇದು ನಿಜವಾಗಿ ‘ಗೋಲ್ಡ್ ರಷ್’ ಊರಾ?

ಕ್ಯಾಲಿಫೋರ್ನಿಯಾದ ಅರ್ಥದಲ್ಲಿ ಅಲ್ಲ. ಅಲ್ಲಿ ಹೊಳೆಯ ಮರಳಿನಲ್ಲಿ ಚಿನ್ನವಿತ್ತು, ಒಬ್ಬೊಬ್ಬನೇ ಬಾಣಲೆ ಹಿಡಿದು ಬಂದ. ಇಲ್ಲಿ ಚಿನ್ನ ಗಟ್ಟಿ ಕಲ್ಲಿನೊಳಗೆ, ಆಳದಲ್ಲಿ. ಒಬ್ಬಂಟಿ ಮನುಷ್ಯನಿಗೆ ಎಟುಕುವಂಥದ್ದಲ್ಲ. ನುಗ್ಗಿಬಂದದ್ದು ಲಂಡನ್ನಿನ ಷೇರು ಹಣ.

ಹಾಗೆ ನೋಡಿದರೆ ಇಲ್ಲಿ ಚಿನ್ನ ಇರುವುದು ಸ್ಥಳೀಯರಿಗೆ ಮೊದಲೇ ಗೊತ್ತಿತ್ತು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಹಳ್ಳಿಯವರು ಗಾಡಿಗಟ್ಟಲೆ ಮಣ್ಣು ತಂದು ತೊಳೆದು ಚಿನ್ನದ ಪುಡಿ ತೋರಿಸಿದ್ದರು. ಆಮೇಲೆ ದಶಕಗಳ ಕಾಲ ಏನೂ ನಡೆಯಲಿಲ್ಲ. ನ್ಯೂಜಿಲೆಂಡಿನಲ್ಲಿ ಸೈನಿಕನಾಗಿದ್ದು ಬೆಂಗಳೂರು ದಂಡಿಗೆ ಬಂದು ನೆಲೆಸಿದ ಮೈಕೆಲ್ ಲವೆಲ್ ವಾರನ್ನನ ವರದಿ ಓದಿ, ಎತ್ತಿನಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೋದ. 1875ರಲ್ಲಿ 20 ವರ್ಷದ ಗುತ್ತಿಗೆ ಪಡೆದ. ಹಣ ಸಾಲದೆ ಕೆಲವೇ ವರ್ಷಗಳಲ್ಲಿ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಗಣಿ ಕಂಪನಿ ಬಂತು. ಮೊದಲು ಅವರಿಗೂ ನಷ್ಟವೇ. ಹಳೆಯ ಕಾಲದವರ ತೋಡುಗಳ ಕೆಳಗೆ ಇನ್ನಷ್ಟು ಆಳಕ್ಕೆ ಹೋದಾಗ ಚಾಂಪಿಯನ್ ಲೋಡ್ ಸಿಕ್ಕಿತು, ಊರಿನ ದೆಸೆ ತಿರುಗಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು.

ಇದನ್ನು ತಿಳಿದು ಬಂದವರಿಗೆ ಹಾಲಿವುಡ್ ಸಿನಿಮಾದಂಥ ಮರದ ಹೆಂಡದಂಗಡಿ, ಕುದುರೆ ಲಾಯ ಯಾಕಿಲ್ಲ ಎಂಬ ನಿರಾಸೆ ಆಗುವುದಿಲ್ಲ.

ಎಷ್ಟು ಆಳ? ಅಷ್ಟು ಕೆಳಗೆ ಮನುಷ್ಯರು ಹೇಗೆ ಕೆಲಸ ಮಾಡಿದರು?

ಚಾಂಪಿಯನ್ ರೀಫ್‌ನ ಆಳ ಸುಮಾರು 3.2 ಕಿ.ಮೀ. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಆಳದ ಗಣಿಗಳಲ್ಲಿ ಒಂದು. ಒಂದೇ ಹಗ್ಗದಲ್ಲಿ ಅಷ್ಟು ಇಳಿಯಲು ಆಗದು. ಒಂದು ಶಾಫ್ಟಿನಲ್ಲಿ ಇಳಿದು, ಸುರಂಗದಲ್ಲಿ ನಡೆದು, ಒಳಗಿನ ಇನ್ನೊಂದು ಶಾಫ್ಟಿನಲ್ಲಿ ಮತ್ತೆ ಇಳಿಯಬೇಕಿತ್ತು. ತಳದಲ್ಲಿ ಕಲ್ಲಿನ ಉಷ್ಣತೆಯೇ 65 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಮೇಲೆ ಗಾಳಿಯನ್ನು ಯಂತ್ರದಲ್ಲಿ ತಂಪು ಮಾಡಿ ಕೆಳಕ್ಕೆ ದೂಡುತ್ತಿದ್ದರು.

ಬಿಸಿಗಿಂತ ಹೆಚ್ಚು ಹೆದರಿಸಿದ್ದು ರಾಕ್ ಬರ್ಸ್ಟ್. ಅಷ್ಟು ಆಳದಲ್ಲಿ ಮೇಲಿನ ಬೆಟ್ಟದ ಭಾರವೆಲ್ಲ ಬಿಗಿದು ಕೂತಿರುತ್ತದೆ. ಕಲ್ಲು ತೆಗೆದ ಕಡೆ ಟೊಳ್ಳಾಗುತ್ತಿದ್ದಂತೆ ಉಳಿದ ಕಲ್ಲು ಒಮ್ಮೆಗೇ ಸಿಡಿಯುತ್ತದೆ. ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿತ್ತು, ಕೆಳಗೆ ಯಾರ ಪಾಳಿ ಎಂದು ಲೈನಿನ ಜನ ಹೊರಗೋಡಿ ಬರುತ್ತಿದ್ದರು. ರಾಕ್ ಮೆಕ್ಯಾನಿಕ್ಸ್‌ನ ರಾಷ್ಟ್ರೀಯ ಸಂಸ್ಥೆ (ಬಂಡೆಗಳ ಮೇಲಿನ ಒತ್ತಡ, ಕುಸಿತಗಳನ್ನು ಅಧ್ಯಯನ ಮಾಡುವುದು) 1988ರಲ್ಲಿ ಇದೇ ಊರಿನಲ್ಲಿ ಶುರುವಾದದ್ದು ಆಕಸ್ಮಿಕವಲ್ಲ.

ಅದೇ ಆಳ ವಿಜ್ಞಾನಿಗಳಿಗೆ ವರವಾಯಿತು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಗದ್ದಲ ಕಲ್ಲಿನಲ್ಲಿ ಸೋಸಿಹೋಗುವುದರಿಂದ, 2.3 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ (ಕಲ್ಲನ್ನೂ ತೂರಿ ಹೋಗುವ ಅತಿ ಸೂಕ್ಷ್ಮ ಕಣಗಳ) ಗುರುತನ್ನು 1965ರಲ್ಲಿ ಮೊದಲಿಗೆ ಹಿಡಿದವರಲ್ಲಿ ಇಲ್ಲಿನ ತಂಡವೂ ಒಂದು. ಮುಂಬೈಯ ಟಿಐಎಫ್ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಜೊತೆ ಜಪಾನ್, ಬ್ರಿಟನ್ನಿನವರೂ ಇದ್ದರು.

ಬೆಂಗಳೂರಿಗಿಂತ ಮೊದಲು ಇಲ್ಲಿ ಕರೆಂಟ್ ಬಂತಂತೆ, ನಿಜವೇ?

ನಿಜ. 1902ರಲ್ಲಿ ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು ಗಣಿಗಳಿಗೆ ವಿದ್ಯುತ್ ಕೊಟ್ಟರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಕನ್ನಡ ನಡೆಯುತ್ತದಾ?

ಧಾರಾಳವಾಗಿ. ಆದರೆ ಕಿವಿಗೆ ಹೆಚ್ಚು ಬೀಳುವುದು ತಮಿಳು. ಗಣಿಯ ಕೆಲಸಕ್ಕೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. ತೆಲುಗು, ಉರ್ದು, ಆಂಗ್ಲೋ ಇಂಡಿಯನ್ನರ ಇಂಗ್ಲಿಷೂ ಉಂಟು. ದಲಿತ ಕಾರ್ಮಿಕರ ನಡುವೆ ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘದ ಶಾಖೆಗಳು 20ನೇ ಶತಮಾನದ ಆರಂಭದಲ್ಲೇ ಇಲ್ಲಿ ಬೇರು ಬಿಟ್ಟಿದ್ದವು. ಗಣಿಯ ಕಥೆಯನ್ನು ಬರೀ ಇಂಗ್ಲಿಷರ ಕಥೆ ಮಾಡುವವರು ಇದನ್ನು ಬಿಟ್ಟುಬಿಡುತ್ತಾರೆ.

ಲೈನುಗಳಲ್ಲಿ ಫೋಟೋ ತೆಗೆಯುವ ಮೊದಲು ಕೇಳಿ. ‘ಅಣ್ಣಾ, ಅಕ್ಕಾ’ ಎಂದು ಮಾತಾಡಿಸಿ, ಮನೆಯ ಒಳಗೆ ಕ್ಯಾಮೆರಾ ತಿರುಗಿಸಬೇಡಿ. ಹಿರಿಯ ಕಾರ್ಮಿಕರ ಬಳಿ ‘ಯಾವ ಶಾಫ್ಟ್ ನಿಮ್ಮದು?’ ಎಂದು ಶುರುಮಾಡಿದರೆ ಮಾತು ತಾನಾಗಿ ಬರುತ್ತದೆ. ‘ಚಿನ್ನ ಕದ್ದಿದ್ರಾ?’ ಎಂದು ನಗುತ್ತ ಕೇಳುವವರಿದ್ದಾರೆ, ಅದು ತಮಾಷೆ ಅಲ್ಲ. ಪಾಳಿ ಮುಗಿದಾಗಲೆಲ್ಲ ಬಟ್ಟೆ ತಡವಿಸಿಕೊಂಡು ಮನೆಗೆ ಹೋದ ಜನ ಅವರು.

ಊಟ, ವಸತಿ?

ಊಟ ರಾಬರ್ಟ್‌ಸನ್‌ಪೇಟೆಯಲ್ಲಿ. ಇಡ್ಲಿ, ದೋಸೆ, ಬಿರಿಯಾನಿಗೆ ತೊಂದರೆ ಇಲ್ಲ. ಗಣಿ ಸಾಲಿನಲ್ಲಿ ಟೀ ಅಂಗಡಿ ಬಿಟ್ಟರೆ ಹೆಚ್ಚೇನೂ ಇಲ್ಲ, ತಲೆಗೆ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಇಳಿಯುವುದಾದರೆ ಅಲ್ಲಿನ ಪಾನಿಪುರಿ ತಿನ್ನಿ. ಪಾನಿ ಹಸಿರಲ್ಲ, ನೀರಿನಂತೆ ತಿಳಿ. ಸಾಧು ಅನ್ನಿಸುತ್ತದೆ, ಖಾರ ಆಮೇಲೆ ಗೊತ್ತಾಗುತ್ತದೆ. ಉಳಿಯಲು ಸಾಧಾರಣ ಲಾಡ್ಜುಗಳಿವೆ. ಕುಟುಂಬದೊಂದಿಗೆ ಬಂದವರು ಕೋಲಾರದಲ್ಲಿ ತಂಗುವುದು ಮೇಲು.

ಹತ್ತಿರದಲ್ಲಿ ಇನ್ನೇನಿದೆ?

ಕಮ್ಮಸಂದ್ರದ ಕೋಟಿಲಿಂಗೇಶ್ವರ, 108 ಅಡಿ ಲಿಂಗ ಮತ್ತು ಲೆಕ್ಕಕ್ಕೆ ಸಿಗದಷ್ಟು ಚಿಕ್ಕ ಲಿಂಗಗಳು. ರಜಾದಿನ ಹೋದರೆ ಸರತಿಯಲ್ಲೇ ಅರ್ಧ ದಿನ ಕಳೆಯುತ್ತದೆ. ಬೇತಮಂಗಲದ ಕಡೆ ಬಂಗಾರು ತಿರುಪತಿ. ಕಲ್ಲಿನಲ್ಲಿ ಆಸಕ್ತಿ ಇರುವವರು ಪೆದ್ದಪಲ್ಲಿಗೆ ಹೋಗಲೇಬೇಕು. ಜ್ವಾಲಾಮುಖಿ ಉಗುಳಿದ ಚೂರುಗಳು ಬೆಸೆದು ಆದ ಬಂಡೆ ಅಲ್ಲಿದೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚಿನ್ನ ಹೊತ್ತ ಕೋಲಾರದ ಕಲ್ಲಿನ ಪಟ್ಟಿಯ ಹುಟ್ಟು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಗಣಿ ಮತ್ತೆ ಶುರುವಾಗುತ್ತಾ?

ಆಳದ ಗಣಿ ಅಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು ಮೇಲಿನ 13 ಸೈನೈಡ್ ದಿಬ್ಬಗಳನ್ನು ಮತ್ತೆ ಸೋಸುವ ಪ್ರಸ್ತಾವಕ್ಕೆ, ಸುಮಾರು ಸಾವಿರ ಎಕರೆ ಪ್ರದೇಶದಲ್ಲಿ. ಆ ಕೆಲಸ ಶುರುವಾದ ಮೇಲೆ ದಿಬ್ಬಗಳ ಸುತ್ತ ಲಾರಿ, ಬೇಲಿ, ಕಾವಲು ಎಲ್ಲ ಬರುತ್ತವೆ. ಈ ಬೂದಿಬಣ್ಣದ ಗುಡ್ಡಗಳ ಸಾಲನ್ನು ರೈಲಿನ ಕಿಟಕಿಯಿಂದ ಇಡಿಯಾಗಿ ನೋಡಬೇಕೆಂದಿದ್ದರೆ ಅದಕ್ಕೆ ಮುಂಚೆ ಹೋಗಿಬನ್ನಿ.